ತಡೀರಿ, ರೇಟ್ ಬೀಳ್ತದ

14-6-2004, ಸೋಮವಾರ, ಮಧ್ಯಾಹ್ನ

ಕಂಪ್ಯೂಟರ್ ಆಟ ಮತ್ತೆ ಹ್ಯಾಂಗ್. ಉತ್ತರದ ಬಾಗಿಲಿಗೆ ಶತ್ರುಗಳ ಕುದುರೆಗಳು ಬಂದಿದ್ದವು. ಬಿಲ್ಲಿನವರನ್ನು ಗೋಡೆ ಹತ್ತಿಸಿದ್ದೆ. ಅಷ್ಟರಲ್ಲಿ ಪರದೆ ನಿಂತುಬಿಟ್ಟಿತು. ಮುಂದಿನ ಕುದುರೆ ಒಂದು ಕಾಲು ಎತ್ತಿಕೊಂಡೇ ಇದೆ. ಅದನ್ನು ನೋಡುತ್ತ ಒಂದು ಕಪ್ ಚಹಾ ಕುಡಿದು ಮುಗಿಸಿದೆ. ಅದು ಕಾಲು ಇಳಿಸಲಿಲ್ಲ.

ಅಡುಗೆಮನೆಯಿಂದ ಅವ್ವ — "ಏನವ್ವಾ, ಇನ್ನಾ ಲೆಕ್ಕ ಮುಗೀಲಿಲ್ಲೇನು?"

"ತೊಗರಿ ಲೆಕ್ಕ, ಅವ್ವಾ. ಭಾಳ ಅದ."

ಲೆಕ್ಕ ಬೆಳಿಗ್ಗೆಯೇ ಮುಗಿದಿದೆ. ಕಲಬುರ್ಗಿಯ ಧಾನ್ಯದ ಪೇಟೆ ನೆಹರು ಗಂಜಿನಲ್ಲಿ ಅಪ್ಪನ ಬೇಳೆ ಅಂಗಡಿ. ಅದರ ಲೆಕ್ಕಕ್ಕೆಂದೇ ಈ ಕಂಪ್ಯೂಟರ್ ಬಂದದ್ದು. ಅಂಗಡಿಯಲ್ಲಿ ಹೊಟ್ಟಿನ ಧೂಳು, ಅದಕ್ಕೆ ಮನೆಯಲ್ಲಿಟ್ಟರು. ನನ್ನ ಪುಣ್ಯ. ಬೆಳಿಗ್ಗೆ ಅದು ಅಪ್ಪನದು, ಮಧ್ಯಾಹ್ನ ನನ್ನದು. ಕೋಟೆ ಕಟ್ಟುತ್ತೇನೆ, ಕೆರೆ ತೋಡುತ್ತೇನೆ, ಪಕ್ಕದ ರಾಜನಿಗೆ ಧಾನ್ಯ ಮಾರುತ್ತೇನೆ. ಎಷ್ಟಾದರೂ ಗಂಜಿನವರ ಮಗಳು.

ಬಿ.ಕಾಂ. ರಿಸಲ್ಟ್ ಬಂದು ವಾರವಾಯಿತು. ಫಸ್ಟ್ ಕ್ಲಾಸ್. ಪೇಢೆ ಹಂಚಿದರು. ಮುಂದೇನು ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿಲ್ಲವೆಂದರೆ ಗೊತ್ತಾಯಿತಲ್ಲ, ಮುಂದೇನು ಅಂತ.

20-6-2004, ಭಾನುವಾರ

ನೂರಜಹಾನಳ ಜೊತೆ ಅವಳ ಅಣ್ಣನ ಅಂಗಡಿಗೆ ಹೋಗಿದ್ದೆ. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು, ಅವಳ ಅಣ್ಣ ನನಗೂ ಭಾಯ್. ಖಮರುದ್ದೀನ್ ಭಾಯ್ ಕಂಪ್ಯೂಟರ್ ಜೋಡಿಸಿ ಮಾರುತ್ತಾರೆ. ಅಂಗಡಿ ಇಷ್ಟೇ ಇಷ್ಟು. ಒಳಗೆ ಕೂತವರು ಎದ್ದರೆ ಹೊರಗಿದ್ದವರು ಒಳಗೆ.

ಆಟದ ಎರಡನೇ ಭಾಗ ಬಂದಿದೆ! ಅಲ್ಲಿ ನಡೆಸಿ ತೋರಿಸಿದರು. ಅಯ್ಯಯ್ಯೋ. ಕೋಟೆಯ ಮುಂದೆ ಹೊಳೆ. ಹೊಳೆಯ ನೀರು ಖರೇ ಖರೇ ಹರಿಯುತ್ತದೆ. ನೀರಲ್ಲಿ ಕೋಟೆ ತಲೆಕೆಳಗಾಗಿ ಕಾಣುತ್ತದೆ, ಗಾಳಿ ಬಂದರೆ ಅಲುಗುತ್ತದೆ. ನಮ್ಮ ಆಟದಲ್ಲಿ ಹೊಳೆ ಎಂದರೆ ನೀಲಿ ಚಾಪೆ.

"ನಮ್ಮ ಮಷೀನಿನ್ಯಾಗ ನಡೀತದೇನ್ರೀ ಭಾಯ್?"

"ಚಾನ್ಸೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಕು, ರ್‍ಯಾಮ್ ಬೇಕು."

"ಹಾಕಿ ಕೊಡ್ರಿ ಮತ್ತ."

"ಈಗ ಬ್ಯಾಡ ಜಯಾ ಬೆಹನ್. ಕಾರ್ಡ್ ಸಿಗಸೂ ಜಾಗಾನೇ ಬದಲಾಗಾಕತ್ತದ. ಹೊಸಾ ಮದರ್ ಬೋರ್ಡ್ ಬರ್ತಾವ. ಈಗ ತಗೊಂಡ್ರ ಮುಂದಿನ ವರ್ಷ ಈ ಕಾರ್ಡ್ ಯಾವ ಬೋರ್ಡಿಗೂ ಕೂಡೂದಿಲ್ಲ. ಸ್ವಲ್ಪ ಸಬರ್ ಮಾಡ್ರಿ. ದೀಪಾವಳಿ ತನಕ ತಡೀರಿ, ರೇಟ್ ಬೀಳ್ತದ."

ಮಾರುವವನೇ ತಗೋಬೇಡ ಎಂದರೆ ಏನು ಮಾಡುವುದು? ನೂರಜಹಾನ್ ಹಣೆ ಬಡಿದುಕೊಂಡಳು. "ಇಂವ ಹಿಂಗ ಎಲ್ಲಾರಿಗೂ ತಡೀರಿ ತಡೀರಿ ಅಂದೇ ಅಂಗಡಿ ಮುಚ್ಚತಾನ ನೋಡು."

ಮನೆಗೆ ಬಂದು ಹಳೆಯ ಕೋಟೆ ತೆಗೆದೆ. ನೀಲಿ ಚಾಪೆ. ಮನಸ್ಸು ಹತ್ತಲಿಲ್ಲ.

4-7-2004, ಭಾನುವಾರ

ಈಗಲೋ, ಆಮೇಲೋ? ಈಗ ಕಾರ್ಡ್ ಹಾಕಿಸಿದರೆ ಈ ಮಳೆಗಾಲವೆಲ್ಲ ನನ್ನದು, ಮುಂದಿನ ವರ್ಷ ಅದು ಕಸ. ತಡೆದರೆ ಒಳ್ಳೆಯದು ಬರುತ್ತದೆ — ಆದರೆ ಅದು ಬರುವಾಗ ನಾನು ಎಲ್ಲಿರುತ್ತೇನೆ? ಖಮರ್ ಭಾಯ್‌ಗೆ ಈ ಲೆಕ್ಕ ತಿಳಿಯುವುದಿಲ್ಲ.

ಈ ಮನೆಯಲ್ಲಿ ನನ್ನ ಮಾತು ನಡೆಯುವ ಜಾಗ ಆ ಪರದೆ ಒಂದೇ. ಅಲ್ಲಿ ಬಾಗಿಲು ತೆಗೆ ಎಂದರೆ ತೆಗೆಯುತ್ತಾರೆ. ಇಲ್ಲಿ ಫ್ಯಾನ್ ಹಚ್ಚಲಿಕ್ಕೂ ಇನ್ನೊಬ್ಬರನ್ನು ಕೇಳಬೇಕು.

ಊಟವಾದ ಮೇಲೆ ಅಪ್ಪನ ಹತ್ತಿರ ವಿಷಯ ತೆಗೆದೆ. ಲೆಕ್ಕ ನಿಧಾನ ಆಗುತ್ತಿದೆ ಎಂದೆ. ಸುಳ್ಳೂ ಅಲ್ಲ, ಖರೆಯೂ ಅಲ್ಲ.

"ಈಗ ನಡ್ಯಾಕತ್ತದಲ್ಲ?"

"ಹ್ಯಾಂಗ್ ಆಗ್ತದಪ್ಪಾ."

"ನಿಮ್ಮವ್ವನ ಮಿಕ್ಸರ್‌ನೂ ನಡು ನಡು ನಿಂದರ್ತದ. ಒಂದು ಏಟು ಹಾಕ್ತಾಳ, ನಡೀತದ."

ಅವ್ವ ಒಳಗಿಂದ ನಕ್ಕಳು. ಕಡೆಗೆ ಅಪ್ಪ — "ಇನ್ನೇನ್ ಅಧಿಕ ಮಾಸ ಬಂತು. ಹೊಸಾದು ತರಬಾರದು. ಅದು ಮುಗೀಲಿ, ನೋಡೋಣ." ಅಧಿಕ ಮಾಸಕ್ಕೆ ಇನ್ನೂ ಎರಡು ವಾರ ಇದೆ. ನಾನು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಕಾರಣ ಬರುತ್ತಿತ್ತು.

19-8-2004

ಅಧಿಕ ಮಾಸ ಮುಗಿಯಿತು. ಅಪ್ಪನಿಗೆ ನೆನಪು ಮಾಡಿದೆ. "ದಸರಾಕ್ಕ ನೋಡೋಣ." ಅವ್ವ ಫೋನಿನಲ್ಲಿ ದೊಡ್ಡವ್ವನ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. "ಕಮಲಾಪುರದವರು" ಎನ್ನುವುದು ನಾಲ್ಕಾರು ಸಲ ಕಿವಿಗೆ ಬಿತ್ತು. ನಾನು ಹೋದ ಕೂಡಲೇ ತೊಗರಿ ಬೆಳೆ ಹೇಗಿದೆ ಎಂದು ಕೇಳತೊಡಗಿದಳು. ಗಂಜಿನವರ ಹೆಂಡತಿ ತೊಗರಿ ಬೆಳೆಯನ್ನು ದೊಡ್ಡವ್ವನಿಗೆ ಕೇಳಬೇಕೆ?

22-10-2004, ದಸರಾ

ಅವ್ವ ಕಂಪ್ಯೂಟರಿಗೂ ಪೂಜೆ ಮಾಡಿದಳು. ಮೂರು ಬೆರಳು ವಿಭೂತಿ ಮಾನಿಟರಿಗೆ, ಚೆಂಡುಹೂವು ಸಿ.ಪಿ.ಯು. ಮೇಲೆ. ಮೌಸಿಗೂ ಕುಂಕುಮ. ಒಂದು ಹೊತ್ತು ಮುಟ್ಟಬಾರದಂತೆ.

ಖಮರ್ ಭಾಯ್‌ಗೆ ಫೋನ್ ಮಾಡಿದೆ. "ಹೊಸಾ ಬೋರ್ಡ್ ಬಂದಾವ, ಕಾರ್ಡ್‌ನೂ ಬಂದಾವ. ಆದ್ರ ಈಗೀಗ ಬಂದದ್ದು, ರೇಟ್ ಆಸ್ಮಾನಿಗೆ ಹೋಗ್ಯಾವ. ಸಂಕ್ರಾಂತಿ ತನಕ ತಡೀರಿ ಜಯಾ ಬೆಹನ್."

ಅಪ್ಪನೂ ಅದೇ ಹೇಳಿದರು, ಬೇರೆ ಕಾರಣಕ್ಕೆ. "ಕಮಲಾಪುರದವರು ನಿನ್ನ ನೋಡಾಕ ಬರೋರಿದ್ದಾರ. ಅದೊಂದು ಆಗಲಿ."

ನನ್ನನ್ನು ನೋಡುವುದಕ್ಕೂ ಗ್ರಾಫಿಕ್ಸ್ ಕಾರ್ಡಿಗೂ ಏನು ಸಂಬಂಧ ಎಂದು ಬಾಯಿಗೆ ಬಂದಿತ್ತು. ನುಂಗಿದೆ.

5-12-2004, ಭಾನುವಾರ

ಬಂದು ನೋಡಿ ಹೋದರು. ಎರಡು ಜೀಪು ಜನ. ಒಂದು ದೊಡ್ಡ ಗೊನೆ ಕೆಂಪು ಬಾಳೆಹಣ್ಣು ತಂದಿದ್ದರು, ಅವರದೇ ತೋಟದ್ದು. ಕಮಲಾಪುರದ ಹಣ್ಣು, ಮನೆಯೆಲ್ಲ ಘಮ್ಮೆಂದಿತು. ನಾನು ಹಸಿರು ಇಳಕಲ್ ಸೀರೆ ಉಟ್ಟು ಫರಾಳದ ತಟ್ಟೆ ಕೊಟ್ಟೆ. ಕೂತೆ. ಎದ್ದೆ. ಮತ್ತೆ ಕೂತೆ.

ಹುಡುಗನ ಹೆಸರು ರೇವಣಸಿದ್ಧ. ಕಮಲಾಪುರದಲ್ಲಿ ಗೊಬ್ಬರ, ಬೀಜದ ಅಂಗಡಿ. ಕಿವಿ ಸ್ವಲ್ಪ ದೊಡ್ಡವು. ಮೆತ್ತಗಿನ ಮನುಷ್ಯ. ಅವರ ಅಪ್ಪ ಜಗದೇವಪ್ಪ ಒಬ್ಬರೇ ಮಾತಾಡಿದ್ದು. ಕಡೆಗೆ ಅವರೇ — "ನೀ ಏನರ ಕೇಳಾದಿದ್ರ ಕೇಳವ್ವಾ ತಂಗಿ. ಈಗಿನ ಕಾಲ."

ಎಲ್ಲ ಹುಡುಗಿಯರೂ ಏನಿಲ್ಲ ಎಂದೇ ಹೇಳುವುದು. ನಾನು ಕೇಳಿದೆ. ಹುಡುಗನ ಮುಖ ನೋಡಿಯೇ ಕೇಳಿದೆ.

"ನಿಮ್ಮ ಮನ್ಯಾಗ ಕಂಪ್ಯೂಟರ್ ಅದ ಏನ್ರೀ?"

ಅವ್ವ ಕಣ್ಣಲ್ಲೇ ಗದರಿದಳು. ಹುಡುಗ ಸಣ್ಣಗೆ ನಕ್ಕು, "ನೀವು ತಂದ್ರ ಇರ್ತದ್ರೀ" ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಚೇಷ್ಟೆ ಗೊತ್ತಿದ್ದವನು ಎಂದುಕೊಂಡೆ. ಅಪ್ಪ ನಗಲಿಲ್ಲ, ತಲೆ ಅಲ್ಲಾಡಿಸಿದರು. ಗಂಜಿನಲ್ಲಿ ಮಾಲಿಗೆ ಒಪ್ಪಿದಾಗ ಅಲ್ಲಾಡಿಸುವ ಹಾಗೆ.

12-12-2004

ಅಪ್ಪ ಇವತ್ತು ಪಕ್ಕದಲ್ಲಿ ಕೂಡಿಸಿಕೊಂಡು ಮಾತಾಡಿದರು. ಬೈದಿದ್ದರೆ ಸುಲಭ ಇತ್ತು.

"ಅವರು ಒಪ್ಯಾರ. ನೀ ಹೂಂ ಅನ್ನು. ನಿನ್ನ ಕಂಪ್ಯೂಟರ್ ರಿಪೇರಿ ಗಿಪೇರಿ ಬ್ಯಾಡ. ಹೊಸಾದೇ ಕೊಡಸ್ತೀನಿ. ನಿನಗ ಹೆಂಗ ಬೇಕೋ ಹಂಗ. ನಿನ್ನ ಸಂಗಾಟ ಕಮಲಾಪುರಕ್ಕ ಕಳಸ್ತೀನಿ."

"ಎಂ.ಕಾಂ. ಮಾಡ್ತೀನಪ್ಪಾ. ಎರಡು ವರ್ಷ."

"ಮಾಡು. ಆದ್ರ ಆಮ್ಯಾಲ ಇಂಥವರು ಸಿಗ್ತಾರಂತ ನಾ ಹೇಳಾಂಗಿಲ್ಲ."

ಅವ್ವ ದೊಡ್ಡವ್ವನ ಮಾತನ್ನು ತಂದು ಹಾಕಿದಳು — "ಹುಡುಗೀನ ಇಟಗೊಂಡು ಕೂತ್ರ ರೇಟ್ ಬೀಳ್ತದ ಅಂದಳು ಅಕಿ." ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು. ನನಗೆ ನಗು ಬಂತು. ಅಳುವ ಬದಲು ನಗು.

ನೂರಜಹಾನಳಿಗೆ ಹೇಳಿದರೆ ಅವಳು ಕೆಂಡವಾದಳು. "ಹುಚ್ಚೀ, ಗ್ರಾಫಿಕ್ಸ್ ಕಾರ್ಡಿಗಾಗಿ ಮದುವಿ ಆಗ್ತೀ?"

"ಕಾರ್ಡ್ ಇಲ್ಲದಿದ್ರೂ ಮದುವಿ ಆಗೂದು ಅದಲ್ಲ ನೂರಿ. ಈ ಸಲ ಅಲ್ಲದಿದ್ರ ಮುಂದಿನ ಸಲ. ಮುಂದಿನ ಸಲ ಕಾರ್ಡ್ ಕೊಡಸ್ತಾರೋ ಇಲ್ಲೋ."

ಅವಳ ಮನೆಯಲ್ಲೂ ಮದುವೆಯ ಮಾತು ನಡೆದಿದೆ. ನಾವಿಬ್ಬರೂ ಬಹಳ ಹೊತ್ತು ಶೇಂಗಾ ಸುಲಿದೆವು.

15-12-2004

ಹೂಂ ಅಂದೆ.

20-2-2005, ಭಾನುವಾರ, ಸಂಜೆ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಇವತ್ತಿನಷ್ಟು ಖುಷಿ ನಿಶ್ಚಯದ ಸಕ್ಕರೆ ಹಚ್ಚಿದ ದಿನವೂ ಆಗಿರಲಿಲ್ಲ. ಯಾರಿಗೂ ಹೇಳುವ ಹಾಗಿಲ್ಲ, ಇಲ್ಲಿ ಹೇಳುತ್ತೇನೆ.

ಖಮರ್ ಭಾಯ್ ಅಂಗಡಿಯಲ್ಲಿ ಮಷೀನು ಜೋಡಿಸಿದೆವು. ಒಂದೊಂದನ್ನೂ ನಾನೇ ಆರಿಸಿದೆ. ಬೋರ್ಡ್, ರ್‍ಯಾಮ್, ಕಾರ್ಡ್. ಕಾರ್ಡಿನ ಮೇಲೆ ಪುಟ್ಟ ಫ್ಯಾನು. ಅದನ್ನು ಜಾಗಕ್ಕೆ ಕೂಡಿಸುವಾಗ ಟಕ್ ಎಂದಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಅಪ್ಪ ಸ್ಟೂಲಿನ ಮೇಲೆ ಕೂತು, ಪ್ರತಿಯೊಂದಕ್ಕೂ "ಇದರಕಿಂತ ಚೊಲೋದು ಇಲ್ಲೇನು?" ಎಂದು ಕೇಳಿದರು. ಮಗಳಿಗೆ ಕೊಡುವುದರಲ್ಲಿ ಅವರು ಯಾವತ್ತೂ ಕೈ ಹಿಡಿದವರಲ್ಲ. ಮಗಳನ್ನೇ ಕೊಡುವುದರಲ್ಲೂ.

ಖಮರ್ ಭಾಯ್ ಮಾತ್ರ ತಡೆಯಲಾರದೆ ಅಂದರು — "ಇನ್ನೊಂದ್ ಸ್ವಲ್ಪ ದಿನ ತಡದಿದ್ರ…" ಅಪ್ಪ ತಿರುಗಿ ನೋಡಿದರು. "ಮದುವಿ ಮುಹೂರ್ತ ನಿನ್ನ ಕಾರ್ಡಿಗಾಗಿ ತಡೀಬೇಕೇನೋ ಖಮರುದ್ದೀನ್?"

ಎರಡನೇ ಭಾಗ ಹಾಕಿ ನಡೆಸಿದೆವು. ನೀರು ಹರಿಯಿತು. ಅಪ್ಪ ಬಗ್ಗಿ ನೋಡಿ, "ಇದು ಯಾವ ಲೆಕ್ಕ?" ಅಂದರು.

"ಸ್ಟಾಕ್ ಲೆಕ್ಕಪ್ಪಾ."

ನಂಬಿದರೋ ಇಲ್ಲವೋ. ಬೆನ್ನಿಗೆ ಮೆಲ್ಲಗೆ ಒಂದು ಏಟು ಬಿತ್ತು.

ಹಳೆಯ ಮಷೀನಿನಿಂದ ನನ್ನ ಕೋಟೆಯನ್ನು ಒಂದು ಸಿ.ಡಿ.ಗೆ ಹಾಕಿಸಿಕೊಂಡೆ. ಹೊಸ ಆಟದಲ್ಲೂ ಅದು ತೆರೆಯುತ್ತದಂತೆ, ಹೊಸ ನೀರಿನೊಂದಿಗೆ. ಮದುವೆಯ ತನಕ ಈ ಮೂರು ತಿಂಗಳು ಮನೆಯಲ್ಲಿ ಆಡಬಹುದು ಎಂದುಕೊಂಡಿದ್ದೆ. ಇಲ್ಲ. ಡಬ್ಬಿ ಕಟ್ಟಿಸಿ ಅಟ್ಟಕ್ಕೆ ಏರಿಸಿದರು. ಕೊಡುವ ಸಾಮಾನು, ಇಲ್ಲಿ ಬಳಸಬಾರದು. ಹಳೆಯ ಮಷೀನು ಗಂಜಿಗೆ ಹೋಯಿತು, ಹೊಟ್ಟಿನ ಧೂಳಿಗೆ. ಇರಲಿ. ಮೂರು ತಿಂಗಳು ತಾನೆ. ತಡೆಯುವುದು ನನಗೇನು ಹೊಸದಲ್ಲ.

17-5-2005, ಕಮಲಾಪುರ

ಮದುವೆಯಾಯಿತು. ಮಂಟಪದ ಪಕ್ಕ ಸಾಮಾನು ಜೋಡಿಸಿದ್ದರು — ಮಂಚ, ಅಲ್ಮೇರಾ, ಹಂಡೆ, ನಡುವೆ ಕಂಪ್ಯೂಟರ್, ಅದಕ್ಕೆ ಹಳದಿ ಬಟ್ಟೆ. ಜನ ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಅದನ್ನು ನೋಡಿದರು.

ಇಲ್ಲಿ ಪಡಸಾಲೆಯಲ್ಲಿ ಟೇಬಲ್ ಹಾಕಿ ಇಟ್ಟಿದ್ದಾರೆ. ಬಾಗಿಲಿಂದ ಒಳಗೆ ಬಂದವರಿಗೆ ಮೊದಲು ಕಾಣುವುದೇ ಅದು. ಅತ್ತೆ ಆರತಿ ಎತ್ತಿದರು. ಆಮೇಲೆ ಒಂದು ಗಂಟು ಬಿಚ್ಚಿದರು. ಬಿಳಿ ದಾರದಲ್ಲಿ ತಾವೇ ಹೆಣೆದ ಮುಸುಕು! ಮಾನಿಟರಿಗೆ ಒಂದು, ಸಿ.ಪಿ.ಯು.ಗೆ ಒಂದು, ಕೀಬೋರ್ಡಿಗೆ ಒಂದು, ಅಂಚಿಗೆ ಹಸಿರು ಗಿಳಿಗಳು. ನಿಶ್ಚಯ ಆದಾಗಿನಿಂದ ಹೆಣೆದರಂತೆ. ಅಳತೆ ತಗೊಳ್ಳಲು ಕಲಬುರ್ಗಿಗೆ ಯಾರನ್ನೋ ಕಳಿಸಿದ್ದರಂತೆ. ಅಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ?

"ಹಚ್ಚಿ ತೋರಸ್ಲೇನ್ರೀ ಅತ್ತಿ?"

"ಏನ್ ಅವಸರ ಯವ್ವಾ. ಹೊಸಾದು ಹೊಸಾದಾಂಗ ಇರ್ಲಿ. ಮಂದಿ ಬಂದು ಹೋಗೂದು ಮುಗೀಲಿ."

ನಾದಿನಿ ಮಹಾನಂದಾ ಗಿಳಿಗಳನ್ನು ಎಣಿಸಿ ತೋರಿಸಿದಳು. ಹತ್ತೊಂಬತ್ತು ವರ್ಷದವಳು, ನಗೆಮಾರಿ. ಅವಳು ಇರುವುದರಿಂದ ಈ ಮನೆಯಲ್ಲಿ ಉಸಿರು ಆಡುತ್ತದೆ.

ಸಿ.ಡಿ. ನನ್ನ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗಿದೆ.

9-6-2005

ಮಂದಿ ಬರುವುದು ಮುಗಿಯುವುದೇ ಇಲ್ಲ. ಬಂದವರೆಲ್ಲ ಮುಸುಕು ಎತ್ತಿ ನೋಡುತ್ತಾರೆ, ಮುಸುಕು ಬಿಡುತ್ತಾರೆ. ನನಗೆ ಮಾಡಿದ ಹಾಗೆಯೇ.

ಇವರಿಗೆ ಕೇಳಿದೆ. ಇವರು ಒಳ್ಳೆಯವರು. ಅಂಗಡಿಯಿಂದ ಬರುವಾಗ ನನಗೆಂದು ಬೇರೆ ಪುಡಿಕೆಯಲ್ಲಿ ಭಜಿ ತರುತ್ತಾರೆ, ಯಾರಿಗೂ ಕಾಣದಂತೆ. ಆದರೆ ತಮ್ಮ ಅವ್ವನ ಮುಂದೆ ಬಾಯಿ ಇಲ್ಲ.

"ಇಲ್ಲಿ ವೋಲ್ಟೇಜ್ ನೋಡೀ ಇಲ್ಲ? ಬಲ್ಬ್ ಲಾಟೀನಿನಾಂಗ ಉರೀತದ. ಹಂಗ ಹಚ್ಚಿದ್ರ ಸುಡ್ತದ. ಸ್ಟೆಬಿಲೈಸರ್ ತರಬೇಕು."

"ತರ್ರಿ ಮತ್ತ."

"ಈಗ ಹಂಗಾಮದ್ದು ಗದ್ದಲ. ಸ್ವಲ್ಪ ತಡಿ. ಮಳಿಗಾಲ ಮುಗದ್ರ ರೇಟ್ ಬೀಳ್ತದ."

ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇವರೂ ನಕ್ಕರು, ಯಾಕೆಂದು ತಿಳಿಯದೆ.

8-8-2005, ಕಲಬುರ್ಗಿ

ಪಂಚಮಿಗೆ ತವರಿಗೆ ಬಂದಿದ್ದೇನೆ. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆ ಅಷ್ಟೇ ದೊಡ್ಡದಿದೆ, ನನಗೆ ಕೂಡುವ ಜಾಗ ಸಿಗುತ್ತಿಲ್ಲ. ಕಂಪ್ಯೂಟರ್ ಟೇಬಲಿನ ಮೇಲೆ ಉಪ್ಪಿನಕಾಯಿ ಭರಣಿಗಳು.

ನೂರಜಹಾನ್ ಬಂದಿದ್ದಳು. ಅವಳ ಮನೆಯ ಮಾತು ಮುರಿಯಿತಂತೆ, ಈಗ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಬಂದ ಕೂಡಲೇ — "ಹೆಂಗ ನಡೆದದ ನಿನ್ನ ಆಟ? ನೀರು?"

"ಭಾಳ ಚೊಲೋ. ಮೂರನೇ ಕೋಟಿ ಕಟ್ಟಾಕತ್ತೀನಿ."

ಎಷ್ಟು ಸಲೀಸಾಗಿ ಬಂತು ಸುಳ್ಳು. ಅವಳು ಅಂದದ್ದೇ ಖರೆ ಆಯಿತು ಎಂದು ಅವಳಿಗೆ ತಿಳಿಯಬಾರದು, ಅಷ್ಟೇ. ಹೋಗುವಾಗ ಅವಳು ನನ್ನ ಕೈ ಹಿಡಿದುಕೊಂಡು ನಿಂತಳು. ನಾಚಿಕೆಯಾಯಿತು.

ಅಪ್ಪನೂ ಕೇಳಿದರು. "ಸ್ಟಾಕ್ ಲೆಕ್ಕ ಬರೋಬ್ಬರಿ ಅದ ಏನವ್ವಾ?" ಅವರಿಗೂ ಬರೋಬ್ಬರಿ ಅದ ಎಂದೆ. ನನ್ನನ್ನು ಜೋಕಾಲಿ ಆಡಿಸಿದರು, ಚಿಕ್ಕವಳಿದ್ದಾಗಿನಂತೆ. ಅವರಿಗೆ ಹೇಳಿದರೆ ಕಮಲಾಪುರಕ್ಕೆ ಬಂದು ಜಗಳ ಮಾಡುತ್ತಾರೆ. ಕೊಟ್ಟದ್ದನ್ನು ಹಚ್ಚಲಿಲ್ಲ ಎಂದು ಯಾರಾದರೂ ಜಗಳ ಮಾಡುತ್ತಾರೆಯೇ? ನಗುತ್ತಾರೆ ಊರವರು.

20-11-2005, ಕಮಲಾಪುರ

ಮಳೆಗಾಲ ಮುಗಿದು ದೀಪಾವಳಿ ಆಯಿತು. ಸ್ಟೆಬಿಲೈಸರ್ ಬರಲಿಲ್ಲ. ನಾನೂ ಕೇಳುವುದು ಬಿಟ್ಟಿದ್ದೆ. ದಿನಾ ಮುಸುಕು ಜಾಡಿಸುತ್ತೇನೆ, ಅದು ನನ್ನ ಪಾಲಿನ ಕೆಲಸ. ಹದಿನೈದು ದಿನಕ್ಕೊಮ್ಮೆ ಒಗೆದು ಗಂಜಿ ಹಾಕುತ್ತೇನೆ. ಗಿಳಿಗಳು ನನಗಿಂತ ಸ್ವಚ್ಛ.

ಇವತ್ತು ಮಹಾನಂದಾಳನ್ನು ನೋಡಲು ಬೀದರಿನ ಕಡೆಯವರು ಬಂದಿದ್ದರು. ಹುಡುಗನದು ಯಾವುದೋ ಆಫೀಸಿನಲ್ಲಿ ನೌಕರಿ. ಅವನ ತಾಯಿ ಗಿಳಿ ಮುಸುಕು ಮುಟ್ಟಿ ನೋಡಿದಳು. ಮುಸುಕು ಎತ್ತಿ ಒಳಗೂ ನೋಡಿದಳು. ಅತ್ತೆಯ ಮುಖ ಅರಳಿತು. ನನಗೆ ಯಾಕೋ ಆ ನೋಟ ಸರಿ ಕಾಣಲಿಲ್ಲ. ಯಾಕೆಂದು ಇನ್ನೂ—

8-1-2006, ಭಾನುವಾರ

ಗೊತ್ತಾಯಿತು.

ಬೀದರಿನವರು ಬಂದು ಮಾತುಕತೆಗೆ ಕೂತಿದ್ದರು. ನಾನು ಒಳಗೆ ಭಜಿ ಕರಿಯುತ್ತಿದ್ದೆ. ಮಾವನ ದನಿ — "ಕಂಪ್ಯೂಟರ್‌ನೂ ಕೊಡ್ತೀವ್ರೀ. ಹೊಸಾದೇ ಅದ. ಒಂದ್ ದಿನಾನೂ ಹಚ್ಚಿಲ್ಲ."

ಕೈಯಲ್ಲಿದ್ದ ಹಿಟ್ಟು ಎಣ್ಣೆಗೆ ಬೀಳಲಿಲ್ಲ. ಅತ್ತೆ ಪಕ್ಕದಲ್ಲೇ ಇದ್ದರು. ನನ್ನ ಕಡೆ ನೋಡದೆ ಎಣ್ಣೆಯಲ್ಲಿ ಜಾಲರಿ ಸೌಟು ತಿರುಗಿಸುತ್ತ ಹೇಳಿದರು — "ನಮ್ಮ ಅತ್ತೀನೂ ಹಂಗೇ ಮಾಡಿದಳು ಯವ್ವಾ. ನಾ ತಂದ ತಾಮ್ರದ ಹಂಡೆ ನನ್ನ ನಾದಿನಿ ಸಂಗಾಟ ಹೋಯ್ತು. ಎಲ್ಲಾರ ಮನ್ಯಾಗೂ ಹಿಂಗೇ. ಮನಸಿಗೆ ಹಚ್ಚಿಕೋಬ್ಯಾಡ."

ಮದುವೆ ನಿಶ್ಚಯ ಆದಾಗಿನಿಂದ ಹೆಣೆದರಂತೆ ಮುಸುಕು. ಅದು ನನಗಾಗಿ ಅಲ್ಲವೇ ಅಲ್ಲ. ಮಗಳಿಗೆ ಹೊಸದು ಹೊಸದಾಗಿಯೇ ಹೋಗಲಿ ಅಂತ. ನಾನು ಹದಿನೈದು ದಿನಕ್ಕೊಮ್ಮೆ ಗಂಜಿ ಹಾಕಿ ಕಾಪಾಡಿದ್ದು ಇದಕ್ಕೆ. ಅಲ್ಲಾ — ಮುಸುಕು ಎಂದರೆ ಏನೆಂದು ಎಂಟು ತಿಂಗಳಿಂದ ಹೊಳೆಯಲಿಲ್ಲವಲ್ಲ ನನಗೆ! ಫಸ್ಟ್ ಕ್ಲಾಸ್ ಅಂತೆ.

9-1-2006

ಬೆಳಿಗ್ಗೆ ಇವರಿಗೆ ಹೇಳಿದೆ. ಅದು ನನ್ನದು ಎಂದೆ. ನನ್ನ ಅಪ್ಪ ನನಗೆ ಕೊಟ್ಟದ್ದು, ಒಂದೊಂದನ್ನೂ ನಾನು ಆರಿಸಿದ್ದು ಎಂದೆ.

ಇವರು ಬಹಳ ಹೊತ್ತು ಚಪ್ಪಲಿ ಹಾಕಿಕೊಳ್ಳುತ್ತ ಕೂತರು. "ಖರೇ ಅದ ನಿಂದು. ಆದ್ರ ಅವ್ವಗ ಏನಂತ ಹೇಳ್ಲಿ? ಅಪ್ಪ ನಾಲ್ಕು ಮಂದ್ಯಾಗ ಮಾತು ಕೊಟ್ಟಾನ. ಮಹಾನಂದಾನ ಮದುವಿ ಮುರೀಲೇನು?"

ಮುರಿಯಲಿ ಎನ್ನಲಾದೀತೆ?

"ನಾವು ಹೊಸಾದು ತಗೊಳ್ಳೋಣ. ಅಂಗಡಿ ಸ್ವಲ್ಪ…"

"ತಡೀತೀನ್ರೀ" ಎಂದೆ.

29-1-2006, ಭಾನುವಾರ, ಮಧ್ಯಾಹ್ನ

ಬೀದರಿನ ಹುಡುಗನ ಅಣ್ಣ ಬಂದಿದ್ದ. ಕಂಪ್ಯೂಟರ್ ತಿಳಿದವನಂತೆ. "ಇಟ್ಟಲ್ಲೇ ಇಟ್ಟ ಮಷೀನು, ನಡೀತದೋ ಇಲ್ಲೋ ನೋಡಬೇಕಲ್ಲರೀ?" ಪಕ್ಕದ ಫೋಟೋ ಸ್ಟುಡಿಯೋದಿಂದ ಸ್ಟೆಬಿಲೈಸರ್ ತರಿಸಿದರು. ಅಂದರೆ ಪಕ್ಕದಲ್ಲೇ ಇತ್ತು. ಕೇಳಿದರೆ ಕೊಡುತ್ತಿದ್ದರು.

ಮಾವ ಕರೆದರು. "ಜಯಾದೇವಿ, ಹಚ್ಚಿ ತೋರಸವ್ವಾ."

ಎಲ್ಲರ ಮುಂದೆ ಕೂತೆ. ಗುಂಡಿ ಒತ್ತಿದೆ. ಪುಟ್ಟ ಫ್ಯಾನು ತಿರುಗಿತು. ಪೆಟ್ಟಿಗೆಯಿಂದ ಸಿ.ಡಿ. ತಂದು ಹಾಕಿದೆ. ನನ್ನ ಕೋಟೆ ತೆರೆಯಿತು. ಅದೇ ಉತ್ತರದ ಬಾಗಿಲು. ಅದರ ಮುಂದೆ, ನೀಲಿ ಚಾಪೆ ಇದ್ದಲ್ಲಿ, ಹೊಳೆ. ಹರಿಯುತ್ತಿದೆ. ನೀರಲ್ಲಿ ನನ್ನ ಗೋಡೆಗಳು ತಲೆಕೆಳಗಾಗಿ. ಕುದುರೆಗಳು ನೀರು ಕುಡಿಯಲು ಇಳಿದವು. ಒಂದೂ ನಿಲ್ಲಲಿಲ್ಲ. ಬಾಗಿಲು ತೆಗೆಸಿದೆ, ತೆಗೆದರು. ಬಿಲ್ಲಿನವರನ್ನು ಗೋಡೆ ಹತ್ತಿಸಿದೆ. ಎಷ್ಟು ಹೊತ್ತು ಆಡಿದೆನೋ. ಹಿಂದೆ ಯಾರಿದ್ದಾರೆ ಎನ್ನುವುದೇ ಮರೆತಿತ್ತು.

"ವಾಹ್, ಎಷ್ಟು ಚಂದ ನಡೀತದ!" ಎಂದ ಹುಡುಗನ ಅಣ್ಣ. "ಬಂದ್ ಮಾಡ್ರಿ ಇನ್ನ. ಪಾಸ್."

ಕೆಟ್ಟಿದೆ ಎನ್ನಬಹುದಿತ್ತು. ಒಳಗಿನ ಒಂದು ವೈರಿನ ಪಟ್ಟಿ ಬಿಚ್ಚಿದ್ದರೆ ಸಾಕಿತ್ತು, ನನಗೆ ಗೊತ್ತು ಯಾವುದೆಂದು. ಆಗಲಿಲ್ಲ. ಈ ಮನೆಯಲ್ಲಿ ಮೊದಲ ಸಲ ಹಚ್ಚುವಾಗ ಕೆಡಿಸಿ ಹಚ್ಚಲಿಕ್ಕೆ ಕೈ ಬರಲಿಲ್ಲ. ನಾನೇ ನಡೆಸಿ, ಪಾಸ್ ಮಾಡಿಸಿ ಕೊಟ್ಟೆ.

ಹಿತ್ತಲಲ್ಲಿ ಮಹಾನಂದಾ ಬಂದು ನನ್ನ ಸೆರಗು ಹಿಡಿದಳು. ಅವಳ ನಗು ಇರಲಿಲ್ಲ.

"ವೈನೀ, ನನಗ ಅದು ಬ್ಯಾಡ. ನನಗ ಹಚ್ಚಾಕೂ ಬರಾಂಗಿಲ್ಲ. ಆದ್ರ ನಾ ಬ್ಯಾಡ ಅಂದ್ರ ಕೇಳ್ತಾರೇನು?"

"ಹುಡುಗ ಮನಸಿಗೆ ಬಂದಾನೇನು?"

"ಅದನ್ನರ ಕೇಳ್ಯಾರೇನು ಯಾರರ?"

ಅವಳ ತಲೆಗೆ ಎಣ್ಣೆ ಹಚ್ಚಿದೆ. ಬೇರೆ ಏನು ಮಾಡಲಿಕ್ಕೂ ತೋಚಲಿಲ್ಲ.

26-2-2006

ಹೋಯಿತು. ಟೆಂಪೋದಲ್ಲಿ, ಮಂಚ ಅಲ್ಮೇರಾದ ನಡುವೆ. ಹಳದಿ ಬಟ್ಟೆಯೂ ಅದೇ, ಅತ್ತೆ ಮಡಿಚಿಟ್ಟಿದ್ದರು. ಅದರ ಹಿಂದಿನ ಜೀಪಿನಲ್ಲಿ ಮಹಾನಂದಾ. ಅವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ನಾನು ಯಾವುದಕ್ಕೆ ಅತ್ತೆನೆಂದು ಜನ ಕೇಳಲಿಲ್ಲ, ಒಳ್ಳೆಯದಾಯಿತು.

ನನ್ನ ಕೋಟೆಯ ಸಿ.ಡಿ. ಅವಳ ಪೆಟ್ಟಿಗೆಯಲ್ಲಿ ಇಡಬೇಕೆಂದಿದ್ದೆ. ಇಡಲಿಲ್ಲ. ಅಷ್ಟು ದೊಡ್ಡ ಮನಸ್ಸು ಇಲ್ಲ ನನಗೆ. ಗುಂಡಿ ಒತ್ತುವುದು, ಬಂದ್ ಮಾಡುವುದು ಮಾತ್ರ ಕಲಿಸಿ ಕಳಿಸಿದೆ. "ಬಂದ ದಿನಾನೇ ಹಚ್ಚು. ಯಾರಿಗೂ ಕೇಳಬ್ಯಾಡ" ಎಂದು ಕಿವಿಯಲ್ಲಿ ಹೇಳಿದೆ. ತಲೆಯಾಡಿಸಿದಳು. ಹಚ್ಚುವುದಿಲ್ಲ, ಗೊತ್ತು.

ಗಿಳಿ ಮುಸುಕುಗಳನ್ನೂ ಕಳಿಸಿದರು. ಟೇಬಲ್ ಮಾತ್ರ ಇಲ್ಲಿಯದು, ಉಳಿದಿದೆ. ಈಗಲೂ ಬೆಳಿಗ್ಗೆ ಎದ್ದು ಅದನ್ನು ಒರೆಸುತ್ತೇನೆ, ರೂಢಿ.

12-3-2006, ಭಾನುವಾರ, ಬೆಳಿಗ್ಗೆ 11

ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಮಾವ ಬೀದರಿಗೆ ಮಗಳನ್ನು ನೋಡಲು, ಇವರು ಅಂಗಡಿಗೆ. ಸಿ.ಡಿ. ಕವರಿನ ಮೇಲೆ ಖಮರ್ ಭಾಯ್ ಅಂಗಡಿಯ ನಂಬರ್ ಇತ್ತು. ಯಾಕೆ ಫೋನ್ ಮಾಡಿದೆನೋ. ಸುಮ್ಮನೆ, ಆ ದನಿ ಕೇಳಲಿಕ್ಕೆ.

"ಅರೇ, ಜಯಾ ಬೆಹನ್! ನಾ ನಿಮ್ಮನ್ನೇ ನೆನಸಾಕತ್ತಿದ್ದೆ. ನೂರಿ ಹೇಳಿದಳು, ಮೂರು ಕೋಟಿ ಕಟ್ಟೀರಂತ. ಮಷೀನು ಹೆಂಗದ?"

"ಚೊಲೋ ಅದ ಭಾಯ್."

"ನೋಡ್ರಿ, ಆಟದ ಮೂರನೇ ಭಾಗ ಬಂದದ. ನಿಮ್ಮ ಬೋರ್ಡಿಗೆ ಬರೋಬ್ಬರಿ ಕೂಡೂ ಕಾರ್ಡ್ ಬಂದದ. ರೇಟ್ ಬಿದ್ದದ, ಅರ್ಧಕ್ಕರ್ಧ ಬಿದ್ದದ! ನಾ ಹೇಳಿದ್ದೆ ಇಲ್ಲ? ಈಗ ತಗೋರಿ. ಇನ್ನ ತಡೀಬ್ಯಾಡ್ರಿ. ಒಂದೇ ಪೀಸ್ ಉಳದದ. ನಿಮ್ಮ ಹೆಸರಿಲೆ ತಗದು ಇಡ್ಲೇನು?"

ಎರಡು ವರ್ಷದಲ್ಲಿ ಆ ಮನುಷ್ಯ ಮೊದಲ ಸಲ ತಗೋರಿ ಎಂದದ್ದು. ಎದುರಿಗೆ ಖಾಲಿ ಟೇಬಲ್. ಬೆಳಿಗ್ಗೆ ಒರೆಸಿದ್ದು ಇನ್ನೂ ಹೊಳೆಯುತ್ತಿದೆ. ಇಲ್ಲ ಎನ್ನಬೇಕು. ಬಾಯಿ ತೆರೆದೆ.

"ಇಡ್ರಿ ಭಾಯ್" ಎಂದುಬಿಟ್ಟೆ.

ಫೋನ್ ಇಟ್ಟು ಇಲ್ಲೇ ಕೂತಿದ್ದೇನೆ. ಇಡು ಎಂದೆನಲ್ಲ. ಯಾವುದಕ್ಕೆ ಹಾಕಲಿಕ್ಕೆ ಇಡು ಎಂದೆ? ಇವರು ಬಂದಂತಾಯಿತು. ಕೈಯಲ್ಲಿ ಭಜಿ ಪುಡಿಕೆ. ಯಾರ ಸಂಗಾಟ ಮಾತಾಡಾಕತ್ತಿದ್ದಿ ಎನ್ನುತ್ತಿದ್ದಾರೆ. ಹೇಳುತ್ತೇನೆ. ಕಾರ್ಡ್ ಇಡಿಸಿದ್ದೇನೆ, ಅದನ್ನು ಹಾಕಲು ನನ್ನದೇ ಮಷೀನು ಬೇಕು ಎಂದು ಈ ಸಲ ಹೇಳಿಯೇ—